ಎಡಗಾಲಿನ ಸಾಕ್ಷಿ

ಅಣ್ಣನನ್ನು ಕೊಂದನೆಂದು ಪಿಳ್ಳಪ್ಪನ ಕೈಗೆ ಇನ್ನೇನು ಕೋಳ ಬೀಳಬೇಕು, ಕೊಟ್ಟಿಗೆಯ ಗೋಡೆಗೆ ಮೂಗು ತಾಗಿಸಿ ಕೂತಿದ್ದ ಇನ್ಸ್‌ಪೆಕ್ಟರ್ ಮುನಿಶಾಮಪ್ಪ "ತಡೀರಿ" ಅಂದರು. ರಕ್ತದ ಕಲೆ ನೋಡಿ ನಡೆದದ್ದನ್ನು ಹೇಳುವುದರಲ್ಲಿ ಇಡೀ ಮೈಸೂರು ರಾಜ್ಯದಲ್ಲೇ ಅವರನ್ನು ಮೀರಿಸುವವರಿರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು.

"ಇನ್ನೇನ್ ತಡೆಯೋದು ಸ್ವಾಮಿ? ಬಾವಿ ಜಗಳಕ್ಕೆ ನನ್ ಗಂಡನ್ನ ಮುಗಿಸವ್ನೆ!" ಎಂದು ಅಕ್ಕಯಮ್ಮ ಎದೆ ಬಡಿದುಕೊಂಡಳು. ಬೆಳಿಗ್ಗೆ ತವರಿನಿಂದ ನಂದಗುಡಿಗೆ ಬಂದವಳಿಗೆ ಕಂಡದ್ದು ಕೊಟ್ಟಿಗೆ ತುಂಬ ರಕ್ತ. ಗಂಡ ಚಿಕ್ಕವೆಂಕಟಪ್ಪನ ಸುಳಿವೇ ಇಲ್ಲ.

"ನಿನ್ ಗಂಡ ಮೊಣಕಾಲುದ್ದ ಅವ್ನೇನಮ್ಮಾ? ಒಂದು ಹನೀನೂ ಅದಕ್ಕಿಂತ ಮೇಲೆ ಹಾರಿಲ್ಲ. ಇದು ಹುಂಜ. ಕತ್ತು ಹೋದ್ಮೇಲೂ ಓಡೈತೆ. ಹನಿಗಳ ಬಾಲ ನೋಡು, ಓಡಿದ ದಿಕ್ಕು ತೋರಿಸ್ತೈತೆ; ಹಾಕಿದ ಸುತ್ತೆಲ್ಲಾ ಎಡಕ್ಕೇ ತಿರುಗೈತೆ. ಎಡಗಾಲು ಕುಂಟು."

ಜನ ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ, ನಲ್ಲೂರಿನ ಹುಣಸೆ ತೋಪಿನಲ್ಲಿ ಗೆಳೆಯರ ಜೊತೆ ಬಾಡೂಟ ಮುಗಿಸಿದ್ದ ಚಿಕ್ಕವೆಂಕಟಪ್ಪ ಬಾಗಿಲಲ್ಲಿ ಬಂದು ನಿಂತ. ಪಿಳ್ಳಪ್ಪ ಅಣ್ಣನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತ. ಇನ್ಸ್‌ಪೆಕ್ಟರು ಇಬ್ಬರನ್ನೂ ಬಿಡಿಸಿದರು.

"ಅದಿರ್ಲಿ. ಹುಂಜ ಕುಂಟ್ತಿತ್ತಾ?"

"ಹೂಂ ಸ್ವಾಮಿ. ಎಡಗಾಲು ಕುಂಟು ಅಂತಾನೇ ಸಂತೇಲಿ ಸೋವಿಗೆ ಸಿಕ್ತು."

ಮುನಿಶಾಮಪ್ಪ ಮೀಸೆ ತಿರುವಿ, ನೆರೆದಿದ್ದ ಊರಿನ ಕಡೆ ತಿರುಗಿದರು. "ಎಡಗಾಲಂತೆ. ಕೇಳಿಸ್ತಾ ಎಲ್ರಿಗೂ?"