ಉಲ್ಟಾ ಬಾಗಿಲು

"ಕೆಳಗಿನ ಬಚ್ಚಲಿಗೆ ಉಲ್ಟಾ ಬಾಗಿಲು ಇಟ್ಟಿದ್ದು ಸಾಕು ಮೇಡಂ. ಮಹಡಿಯಲ್ಲಾದರೂ ಒಳಗಡೆ ತೆರೆಯೋ ಹಾಗೆ ಮಾಡಿ, ಬಂದವರೆಲ್ಲ ನಗ್ತಾರೆ!" ಎನ್ನುತ್ತ ಮನೆಯೊಡೆಯ ವಿನ್ಯಾಸಗಾರ್ತಿಯ ನಕ್ಷೆಯಲ್ಲಿದ್ದ ಬಾಗಿಲಿನ ಗೆರೆಯನ್ನು ರಬ್ಬರಿನಿಂದ ಉಜ್ಜಿ ಅಳಿಸುವುದಕ್ಕೂ, ಕೆಳಗಿನ ಬಚ್ಚಲಲ್ಲಿ ಅವನ ಅಪ್ಪ ದೊಪ್ಪನೆ ಬೀಳುವುದಕ್ಕೂ ಸರಿಹೋಯಿತು.

ಅವನು ಓಡಿಹೋಗಿ ಬಾಗಿಲಿಗೆ ಭುಜ ಕೊಟ್ಟು ತಳ್ಳಿದ. ಜಪ್ಪಯ್ಯ ಎಂದರೂ ಅದು ಅಲುಗಲಿಲ್ಲ. "ಅಪ್ಪಾ! ಅಪ್ಪಾ!" ಒಳಗಿನಿಂದ ಸದ್ದೇ ಇಲ್ಲ. "ಮಾವ ಬಾಗಿಲಿಗೇ ಅಡ್ಡ ಬಿದ್ದಿರಬೇಕು ಕಣ್ರೀ, ಒಡೆದುಬಿಡಿ!" ಎಂದು ಅವನ ಹೆಂಡತಿ ಕೂಗಿದಳು.

"ತಳ್ಳಬೇಡಿ ಸಾರ್, ಎಳೀಬೇಕು! ಅದೇ ನಿಮ್ಮ ಉಲ್ಟಾ ಬಾಗಿಲು!" ವಿನ್ಯಾಸಗಾರ್ತಿ ಅವನನ್ನು ಪಕ್ಕಕ್ಕೆ ಸರಿಸಿದಳು. ಹೊರಗಿನಿಂದಲೂ ತೆಗೆಯಲು ಬರಲೆಂದು ತಾನೇ ಹಟ ಹಿಡಿದು ಹಾಕಿಸಿದ್ದ ಚಿಲಕದ ಸೀಳಿಗೆ ನಾಣ್ಯ ತೂರಿಸಿ ತಿರುಗಿಸಿ, ಎಳೆದಳು. ಬಾಗಿಲು ಸಲೀಸಾಗಿ ಹೊರಕ್ಕೆ ಬಂತು. ಅದಕ್ಕೆ ಒತ್ತಿಕೊಂಡಿದ್ದ ಮುದುಕರ ಕಾಲುಗಳೂ ಹೊರಕ್ಕೆ ಚಾಚಿಕೊಂಡವು. ಒಂದು ಹೆಬ್ಬೆರಳು ಅಲುಗಾಡಿತು.

"ಬಿದ್ದ ರಭಸಕ್ಕೆ ಮಾತೇ ಹೊರಡಲಿಲ್ಲ ಕಣೋ," ಎಂದರು ಮುದುಕರು. "ಸೊಂಟ ಚೂರು ಉಳುಕಿದೆ, ಅಷ್ಟೆ. ಹಾಗೆ ನೋಡ್ತಾ ನಿಲ್ಲಬೇಡ, ಮೊದಲು ಟವೆಲ್ ಕೊಡು!" ಅಳುತ್ತಿದ್ದ ಸೊಸೆ ನಗು ತಡೆಯಲಾರದೆ ಆಚೆ ತಿರುಗಿದಳು.

ಅಪ್ಪನನ್ನು ಮಂಚದ ಮೇಲೆ ಮಲಗಿಸಿ ಮಗ ಮೇಜಿನ ಹತ್ತಿರ ಬಂದ. ಪೆನ್ಸಿಲ್ ಎತ್ತಿಕೊಂಡು, ತಾನು ಅಳಿಸಿದ್ದ ಜಾಗದಲ್ಲೇ, ಹೊರಕ್ಕೆ ತೆರೆಯುವ ಬಾಗಿಲಿನ ಗೆರೆಯನ್ನು ಸ್ಕೇಲೂ ಇಲ್ಲದೆ ಮತ್ತೆ ಎಳೆದ. ಗೆರೆ ಸೊಟ್ಟಗೆ ಬಂತು. ವಿನ್ಯಾಸಗಾರ್ತಿ ಅದನ್ನು ತಿದ್ದಲು ಹೋಗಲಿಲ್ಲ.