ಫೈಬರ್ ದೋಣಿಯ ಬಿರುಕು

ದಡದಲ್ಲಿ ತೆಂಗಿನ ದಿಮ್ಮಿಗಳ ಮೇಲೆ ಏರಿಸಿದ್ದ ಫೈಬರ್ ದೋಣಿಯೊಳಗೆ ತೊರಿಕಾ ಒಂದು ಬಕೆಟ್ ನೀರು ಸುರಿದಳು. ಎಲ್ಲಿ ಜಿನುಗುತ್ತದೆಂದು ನೋಡಲು ಹೋದ ವಾರ ಅದರಲ್ಲೇ ಕಡಲಿಗೆ ಹೋಗಿದ್ದ ಅವಳ ಅಣ್ಣ ಇನೋಕೆ ಇದ್ದಿಲು ಹಿಡಿದು ದೋಣಿಯಡಿ ಅಂಗಾತ ಮಲಗಿದ್ದ. ಅವರ ದ್ವೀಪದಲ್ಲಿ ದೊಡ್ಡವರಾದ ಮೇಲೆ ಅಣ್ಣ ತಂಗಿ ನೇರವಾಗಿ ಮಾತಾಡುವಂತಿಲ್ಲ. ಹದಿನಾರು ವರ್ಷ ಎಲ್ಲ ನುಂಗಿಕೊಂಡಿದ್ದ ತೊರಿಕಾ ಇವತ್ತು ದೋಣಿಯನ್ನೇ ಬೈಯತೊಡಗಿದಳು.

“ಥೂ, ದರಿದ್ರದ್ದೇ! ಹೋದ ವಾರ ನಡುಸಮುದ್ರದಲ್ಲಿ ನೀರು ತುಂಬಿಸ್ಕೊಂಡ್ಯಲ್ಲ, ಒಳಗೆ ಯಾರಿದ್ದಾರೆ ಅನ್ನೋ ಖಬರಿತ್ತಾ ನಿಂಗೆ? ಕತ್ತಲಾಗೋವರೆಗೂ ಇಲ್ಲೇ ನಿಂತಿದ್ದೆ. ಬೇಯಿಸಿಟ್ಟ ಮರಗೆಣಸು ಹಾಗೇ ತಣ್ಣಗಾಯ್ತು.”

ಎರಡನೇ ಬಕೆಟ್ಟಿಗೇ ಇನೋಕೆಯ ಹಣೆಯ ಮೇಲೆ ಹನಿ ಬಿತ್ತು. ಕೂದಲೆಳೆಯಂಥ ಬಿರುಕು. ಸುತ್ತ ಇದ್ದಿಲಿನಿಂದ ಗುಂಡಗೆ ಗೆರೆ ಎಳೆದ. ತೇಪೆಯ ಫೈಬರ್ ಬಟ್ಟೆ, ಅದನ್ನು ಅಂಟಿಸುವ ರೆಸಿನ್ ಡಬ್ಬಿ ಕೈಗೆಟಕುವಷ್ಟು ಹತ್ತಿರದಲ್ಲೇ ಇದ್ದವು.

“ಅವನಿಗೇನಾದ್ರೂ ಆಗಿದ್ರೆ ಕೊಡಲಿ ತಗೊಂಡು ನಿನ್ನ ಸೀಳಿ ಹಾಕ್ತಿದ್ದೆ.” ಮೇಲೆ ಮೂಗೆಳೆದ ಸದ್ದಾಯಿತು. “ಬಿರುಕು ಸಿಕ್ತಾ ಅಂತ ಕೆಳಗಿರೋನ್ನ ಕೇಳು.”

ಇನೋಕೆ ಆ ಗೆರೆಯ ಮೇಲೆ ಅಂಗೈ ಒತ್ತಿ ಹಿಡಿದ.

“ಇಲ್ಲ ಕಣೇ ದೋಣಿ, ಇನ್ನೂ ಸಿಕ್ಕಿಲ್ಲ. ಇನ್ನೊಂದು ಬಕೆಟ್ ಸುರಿಯೋಕೆ ಹೇಳು.”