ಕರಿಹಲ್ಲು ಬಂಡೆಯ ಬೋನುಗಳು

ಅಮೆರಿಕದ ಮೇನ್ ಕರಾವಳಿಯ ಆ ದ್ವೀಪದಲ್ಲಿ ಎಲ್ಡನ್‌ನನ್ನು ಕಂಡರೆ ಕಡಲಿಗೇ ಭಯ. ಅವನು ಕೆಮ್ಮಿದರೆ ಸಾಕು, ಮೇಲೆದ್ದ ಅಲೆ ಅರ್ಧದಲ್ಲೇ ನಿಂತು, ತಲೆ ತಗ್ಗಿಸಿ ಹಿಂದಿರುಗುತ್ತಿತ್ತು. ಎಂಥ ಭಯವೆಂದರೆ, ಕರಿಹಲ್ಲು ಬಂಡೆಯ ಬಳಿ ಅವನು ಇಳಿಬಿಟ್ಟ, ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಕಡಲು ತಾನೇ ಹೊತ್ತು ತಂದು ದಡದ ಹತ್ತಿರ ಇಟ್ಟು ಹೋಗುತ್ತಿತ್ತು.

ಇದನ್ನು ನಂಬದವನು ಎಲ್ಡನ್ ಒಬ್ಬನೇ. ಕಡಲಿಗೆ ಕೈಗಳಿಲ್ಲ. ಕಳ್ಳರಿಗಿವೆ.

“ಯಾರ ಮೇಲಪ್ಪಾ ಅನುಮಾನ?” ದೋಣಿಕಟ್ಟೆಯಲ್ಲಿ ಎರೆಮೀನು ಮಾರುವ ಕ್ಲೈಡ್ ಕೇಳಿದ.

“ಆರ್ಡಿತ್.”

“ಭಲೇ! ಏಪ್ರಿಲ್‌ನಲ್ಲಿ ನೀನು ಅವಳನ್ನ ಮದುವೆ ಆಗ್ತೀಯಾ ಅಂತ ಕೇಳ್ದೆ. ಒಲ್ಲೆ ಅಂದ್ಳು. ಆಗಸ್ಟ್‌ಗೆ ಕಳ್ಳಿ ಆಗ್ಬಿಟ್ಳಾ?”

ಒಲ್ಲೆ ಎಂದದ್ದು ನಿಜ. ಆರ್ಡಿತಳ ಗಂಡ ರಾಯ್ಸ್‌ನನ್ನು ನುಂಗಿದ್ದು ಅದೇ ಕರಿಹಲ್ಲು ಬಂಡೆ. ದೋಣಿ ಮಾತ್ರ ಸಿಕ್ಕಿತ್ತು. “ಕಡಲಿಗೆ ಹೋಗೋ ಗಂಡಸಿಗೆ ಇನ್ನೊಂದ್ಸಲ ಮನಸ್ಸು ಕೊಡಲ್ಲ. ಒಂದ್ಸಲ ಕಿಟಕೀಲಿ ಕಾದಿದ್ದು ಸಾಕು” ಎಂದಿದ್ದಳು. ರಾಯ್ಸ್ ಹೋದಂದಿನಿಂದ ತಾನೇ ದೋಣಿ ನಡೆಸಿದರೂ ಬೋನುಗಳನ್ನು ಬಂದರಿನೊಳಗಿನ ಶಾಂತ ನೀರಿನಲ್ಲಷ್ಟೇ ಇಡುತ್ತಿದ್ದಳು. ಈಗ ಗಂಡನ ಜಾಗ ತನ್ನದೆಂದು ಎಲ್ಡನ್‌ನನ್ನು ಒಕ್ಕಲೆಬ್ಬಿಸುತ್ತಿದ್ದಾಳೆ. ಇನ್ನೇನು?

ಸಾಕ್ಷಿಯೂ ಸಿಕ್ಕಿತ್ತು. ಹಿಡಿದ ಲಾಬ್‌ಸ್ಟರಿನ ಇಕ್ಕಳದಂಥ ಕೈಗಳಿಗೆ ರಬ್ಬರ್ ಪಟ್ಟಿ ಬಿಗಿಯುವುದು ದೋಣಿಗೆ ಎಳೆದುಕೊಂಡ ಮೇಲೆ. ಎಲ್ಡನ್‌ನ ಬೋನಿನೊಳಗೊಂದು ಲಾಬ್‌ಸ್ಟರ್ ಬೇಡಿ ಹಾಕಿಸಿಕೊಂಡ ಕೈದಿಯಂತೆ ಕೂತಿತ್ತು. ನೀಲಿ ಪಟ್ಟಿ. ಆರ್ಡಿತಳದು. ಕದಿಯುವಾಗ ಯಾರೋ ಬಂದಿರಬೇಕು, ಮತ್ತೆ ಒಳಗೆಸೆದು ಓಡಿದ್ದಾಳೆ. ಅಷ್ಟಾದರೂ ಬೋನುಗಳು ಎಂದೂ ಖಾಲಿ ಬಂದಿರಲಿಲ್ಲ. ಅದು ತನ್ನ ಕೈಗುಣವೆಂದು ಎಲ್ಡನ್ ನಂಬಿದ್ದ.

ದ್ವೀಪದ ರೂಢಿಯಂತೆ, ಬೋನಿನ ಗುರುತಿಗೆ ನೀರ ಮೇಲೆ ತೇಲುವ ಅವಳ ಬುರುಡೆಯ ಕಡ್ಡಿಗೆ ಹಗ್ಗದ ಗಂಟು ಬಿಗಿದು ಬಂದ. ಮೊದಲ ಎಚ್ಚರಿಕೆ ಗಂಟು. ಆಮೇಲೆ ಚಾಕು. ಬುರುಡೆಯಿಂದ ಬೋನಿಗೆ ಇಳಿದ ಹಗ್ಗ ಕತ್ತರಿಸಿದರೆ ಅವಳ ಬೋನುಗಳೆಲ್ಲ ತಳದಲ್ಲೇ ಕಳೆದುಹೋಗುತ್ತವೆ, ಎರಡು ಮನೆಗಳ ನಡುವೆ ಮೊಮ್ಮಕ್ಕಳ ಕಾಲಕ್ಕೂ ಮಾತಿರುವುದಿಲ್ಲ.

“ಗಂಟು ನೋಡ್ದೆ,” ಅಂಗಡಿಯ ಬಾಗಿಲಲ್ಲಿ ಎದುರಾದ ಆರ್ಡಿತ್ ಹೇಳಿದಳು.

“ಅರ್ಥ ಆಯ್ತಾ?”

“ಆಯ್ತು. ನಿನ್ ಬೋನುಗಳು ಬಂದರಿನೊಳಗೇ ಇರ್ಲಿ. ಕರಿಹಲ್ಲಿಗೆ ಹೋಗ್ಬೇಡ.”

“ಹೆದರಿಸ್ತಿದ್ದೀಯಾ?”

“ಹೂಂ. ಸ್ವಲ್ಪ ಹೆದರೋದು ಕಲಿ.”

ಮರುದಿನ ಬೆಳಕು ಹರಿಯುವಾಗ ಎಲ್ಡನ್ ಅವಳ ಬುರುಡೆಯೊಂದನ್ನು ಎಳೆದುಕೊಂಡು ಚಾಕು ತೆರೆದ. ಅಲಗು ಹಗ್ಗಕ್ಕೆ ತಾಗಿತು. ಕೈ ಮುಂದೆ ಹೋಗಲಿಲ್ಲ. ಒಲ್ಲೆ ಎಂದವಳು ನಾಳೆ ಹೂಂ ಅನ್ನಬಹುದು. ಹಗ್ಗ ಕತ್ತರಿಸಿದ ಮೇಲೆ ಎಂದೂ ಅನ್ನಲಾರಳು.

ಆಗ ಮಂಜಿನಾಚೆ, ಕರಿಹಲ್ಲಿನ ಕಡೆಯಿಂದ, ಎಂಜಿನ್ನಿನ ಸದ್ದು.

ಸದ್ದು ಹಿಡಿದು ಹೋದ. ಬಂಡೆಗೆ ಬಡಿದ ನೊರೆಯ ನಡುವೆ ಆರ್ಡಿತಳ ದೋಣಿ ಬುಗುರಿಯಂತೆ ತಿರುಗುತ್ತಿತ್ತು. ಅವಳ ಕೈಯಲ್ಲಿ ಅವನ ಹಸಿರು ಬುರುಡೆ.

“ಸಿಕ್ಬಿದ್ಯಲ್ಲೇ, ಕಳ್ಳಿ!”

ಅವಳು ತಿರುಗಿ ನೋಡಲಿಲ್ಲ. ಅವನ ಬೋನನ್ನು ಮೇಲೆಳೆದಳು. ತನ್ನ ಬುಟ್ಟಿಯಿಂದ ದಪ್ಪನೆಯ ಲಾಬ್‌ಸ್ಟರ್ ತೆಗೆದು, ನೀಲಿ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಅವನ ಬೋನಿನೊಳಗೆ ಬಿಟ್ಟಳು.

“ದಡದ ಹತ್ರ ತಂದಿಟ್ಟಿದ್ದು ಖಾಲಿ ಬಂದ್ರೆ ನೀನು ಮತ್ತೆ ಇಲ್ಲಿಗೇ ಬಂದು ಸಾಯ್ತೀಯಲ್ಲ, ಪೆದ್ದ!”

“ನೀನು... ಒಲ್ಲೆ ಅಂದಿದ್ದೆ.”

“ಮದುವೆ ಒಲ್ಲೆ ಅಂದಿದ್ದೆ.” ಅಲೆಯೊಂದು ಅವಳ ಸೊಂಟದವರೆಗೆ ತೋಯಿಸಿ ಹೋಯಿತು. “ಮನಸ್ಸು ನನ್ ಮಾತು ಕೇಳ್ಲಿಲ್ಲ.”

ಸರಿ, ನನ್ನ ಸುಳ್ಳೂ ಸಿಕ್ಕಿಬಿತ್ತು: ಕಡಲು ಎಲ್ಡನ್‌ಗೆ ಎಂದೂ ಹೆದರಿರಲಿಲ್ಲ, ಹೆದರಿದವಳು ಆರ್ಡಿತ್, ಹೆದರಿಕೊಂಡೇ ಬೇಸಿಗೆಯಿಡೀ ರಾಯ್ಸ್‌ನನ್ನು ನುಂಗಿದ ನೀರಿಗೆ ಹೋಗಿ ಆ ಬೋನುಗಳನ್ನು ಹೊತ್ತು ತಂದವಳು.